ಅವರ ಹೆಸರಿನಲ್ಲಿ ಇವರ ಅರ್ಜಿ: ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಚುನಾವಣಾಧಿಕಾರಿಗಳು, ಕರ್ನಾಟಕ.

ಪ್ರತಿ: ಎಲ್ಲ ಜಿಲ್ಲಾ ಚುನಾವಣಾಧಿಕಾರಿಗಳಿಗೆ, ರಾಜಕೀಯ ಪಕ್ಷಗಳಿಗೆ, ಮತದಾರರ ನೋಂದಣಿ ಅಭಿಯಾನ ನಡೆಸುವ ಸಂಘ ಸಂಸ್ಥೆಗಳಿಗೆ.

ವಿಷಯ: ಮತದಾರರ ಪಟ್ಟಿಗೆ ಸೇರಿಸುವ ಮತ್ತು ಪಟ್ಟಿಯಿಂದ ತೆಗೆಯುವ ಕೆಲಸದಲ್ಲಿ ಹೊರಗಿನವರ ಕೈವಾಡ ತಡೆಯುವ ಬಗ್ಗೆ.

ಮಾನ್ಯರೇ,

2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ, ಮತದಾರರ ಹೆಸರು ತೆಗೆಯಿರಿ ಎಂದು ಆನ್‌ಲೈನ್ ಮೂಲಕ ಬಂದ ನಮೂನೆ 7ರ ಅರ್ಜಿಗಳು 6,018. ಸ್ಥಳ ಪರಿಶೀಲನೆ ಮಾಡಿದಾಗ ಸರಿಯಾಗಿದ್ದದ್ದು 24 ಮಾತ್ರ. 5,994 ಅರ್ಜಿಗಳು ತಪ್ಪು. ಚುನಾವಣಾಧಿಕಾರಿಯೇ ದೂರು ಕೊಟ್ಟು, ಆ ವರ್ಷದ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಪ್ರಕರಣ ಸಿಐಡಿಗೆ ಹೋಯಿತು, 2025ರ ಸೆಪ್ಟೆಂಬರ್‌ನಲ್ಲಿ ವಿಶೇಷ ತನಿಖಾ ತಂಡಕ್ಕೆ ಬಂತು. ಒಂದು ಅರ್ಜಿಗೆ 80 ರೂಪಾಯಿಯಂತೆ ಹಣ ಕೊಟ್ಟು ಈ ಕೆಲಸ ಮಾಡಿಸಲಾಗಿದೆ ಎಂದು ಆ ತಂಡ ಕಂಡುಕೊಂಡಿದೆಯೆಂದು ವರದಿಯಾಗಿದೆ. ಯಾರು ಮಾಡಿಸಿದರು ಎಂಬುದನ್ನು ನ್ಯಾಯಾಲಯ ಹೇಳಬೇಕು. ಇಷ್ಟು ಸುಲಭಕ್ಕೆ ಹೇಗೆ ಮಾಡಲಾಯಿತು ಎಂಬುದಕ್ಕೆ ತಾವು ಉತ್ತರಿಸಬೇಕು. ಈ ಪತ್ರ ಬರೆಯುತ್ತಿರುವುದು ಆ ಎರಡನೆಯ ಪ್ರಶ್ನೆಯ ಬಗ್ಗೆ.

ಆಳಂದದ ಅರ್ಜಿಗಳು ಪತ್ತೆಯಾದದ್ದು ತಂತ್ರಾಂಶದಿಂದಲ್ಲ. ಒಬ್ಬ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ತಮ್ಮ ಸಂಬಂಧಿಕರ ಹೆಸರನ್ನೇ ತೆಗೆಯಲು ಅರ್ಜಿ ಬಂದಿರುವುದನ್ನು ನೋಡಿದರು. ಅರ್ಜಿದಾರ ಎಂದು ದಾಖಲಾಗಿದ್ದವರು ಅದೇ ಊರಿನವರು. ಕೇಳಿದರೆ, ತಾವು ಅಂಥ ಅರ್ಜಿ ಕೊಟ್ಟೇ ಇಲ್ಲ ಎಂದರು. ಅಂದರೆ ಹೆಸರು ಕಳೆದುಕೊಳ್ಳಬೇಕಿದ್ದವರೂ ನಿಜವಾದ ಮತದಾರರು, ಆಕ್ಷೇಪಣೆ ಸಲ್ಲಿಸಿದರೆಂದು ತೋರಿಸಿದವರೂ ನಿಜವಾದ ಮತದಾರರು. ನಡುವೆ ಕೂತು ಇಬ್ಬರ ಹೆಸರನ್ನೂ ಬಳಸಿದವರು ಮಾತ್ರ ಕಾಣಿಸಲಿಲ್ಲ. ಆ ಬಿಎಲ್‌ಒ ಕಣ್ಣಿಗೆ ಆ ಒಂದು ಹೆಸರು ಬೀಳದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಬೆಂಗಳೂರಿನದು ಬೇರೆ ದಾರಿ. 2022ರಲ್ಲಿ ಆಗಿನ ಬಿಬಿಎಂಪಿ, ಚಿಲುಮೆ ಎಂಬ ಸಂಸ್ಥೆಗೆ ಮತದಾರರಲ್ಲಿ ಜಾಗೃತಿ ಮೂಡಿಸುವ ಸ್ವೀಪ್ ಕಾರ್ಯಕ್ರಮಕ್ಕೆ ಅನುಮತಿ ಕೊಟ್ಟಿತ್ತು. ಕೆಲಸ ಉಚಿತ. ಆದರೆ ಆ ಸಂಸ್ಥೆಯ ಪರವಾಗಿ ಮನೆಮನೆಗೆ ಹೋದವರು ಬಿಎಲ್‌ಒ ಗುರುತಿನ ಚೀಟಿ ತೋರಿಸಿ ಜಾತಿ, ಮಾತೃಭಾಷೆ, ಉದ್ಯೋಗ, ಆಧಾರ್, ಮತದಾರರ ಚೀಟಿಯ ವಿವರಗಳನ್ನು ತಮ್ಮದೇ ಖಾಸಗಿ ಆ್ಯಪ್‌ನಲ್ಲಿ ತುಂಬಿಕೊಂಡರು ಎಂಬ ಆರೋಪ ನವೆಂಬರ್‌ನಲ್ಲಿ ಹೊರಬಂತು. ಅನುಮತಿ ರದ್ದಾಯಿತು, ಪೊಲೀಸ್ ಪ್ರಕರಣ ದಾಖಲಾಯಿತು, ಬಂಧನಗಳಾದವು. ಚುನಾವಣಾ ಆಯೋಗ ನವೆಂಬರ್ 25ರಂದು ಇಬ್ಬರು ಅಧಿಕಾರಿಗಳನ್ನು ಅಮಾನತಿನಲ್ಲಿಡಲು ಆದೇಶಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ 2022ರ ಜನವರಿ 1ರ ನಂತರ ಸೇರಿಸಿದ ಮತ್ತು ತೆಗೆದ ಎಲ್ಲ ಹೆಸರುಗಳನ್ನೂ ನೂರಕ್ಕೆ ನೂರು ಮರುಪರಿಶೀಲಿಸಬೇಕೆಂದಿತು, ಅಲ್ಲಿ ಹಕ್ಕು ಮತ್ತು ಆಕ್ಷೇಪಣೆಯ ಅವಧಿಯನ್ನು ಡಿಸೆಂಬರ್ 24ರವರೆಗೆ ವಿಸ್ತರಿಸಿತು. ಇಷ್ಟೂ ದಾಖಲೆಯಲ್ಲಿದೆ.

ಲಕ್ಷಾಂತರ ಮನೆಗಳ ಬಾಗಿಲಿಗೆ ಜನ ಕಳಿಸುವ ಕೆಲಸವನ್ನು ಒಂದು ಸಂಸ್ಥೆ ಪುಕ್ಕಟೆ ಮಾಡುತ್ತೇನೆ ಎಂದಾಗಲೇ ಖರ್ಚು ಯಾರದು ಎಂದು ಕೇಳಬೇಕಿತ್ತು. ಕ್ಷೇತ್ರಕಾರ್ಯಕ್ಕೆ ಬಂದವರಿಗೆ ದಿನಗೂಲಿ ಬೇಕು, ಫೋನ್ ಬೇಕು, ಆ್ಯಪ್ ನಡೆಸಲು ಸರ್ವರ್ ಬೇಕು. ಹಣ ಕೊಟ್ಟವರು ಮತದಾರರಲ್ಲದಿದ್ದರೆ, ಸರ್ಕಾರವೂ ಅಲ್ಲದಿದ್ದರೆ, ಸಿಕ್ಕ ಮಾಹಿತಿ ಯಾರಿಗೆ ಸೇರುತ್ತದೆ? ಅನುಮತಿ ಪತ್ರದ ಕಡತದಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇರಬೇಕಿತ್ತು.

ಇಲ್ಲೊಂದು ಮಾತನ್ನು ನೇರವಾಗಿ ಹೇಳಬೇಕು. ಸುಳ್ಳು ಸೇರ್ಪಡೆ ಮತ್ತು ಸುಳ್ಳು ತೆಗೆತ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಾತಾಡುವುದು ರೂಢಿಯಾಗಿದೆ. ಎರಡೂ ಅಪರಾಧವೇ. ಆದರೆ ಇಲ್ಲದ ವ್ಯಕ್ತಿಯ ಹೆಸರನ್ನು ಪಟ್ಟಿಗೆ ಸೇರಿಸಿದರೆ ಅದು ಮತವಾಗಲು ಮತದಾನದ ದಿನ ಯಾರೋ ಒಬ್ಬರು ಗುರುತಿನ ಚೀಟಿ ಹಿಡಿದು ಮತಗಟ್ಟೆಗೆ ಬರಬೇಕು, ಪಕ್ಷಗಳ ಏಜೆಂಟರ ಎದುರು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಬೇಕು. ಇರುವ ವ್ಯಕ್ತಿಯ ಹೆಸರು ತೆಗೆದರೆ ಇದ್ಯಾವುದೂ ಬೇಕಿಲ್ಲ. ಆ ಮತ ಅಲ್ಲಿಗೇ ಮುಗಿಯಿತು. ಮತದಾರರಿಗೆ ತಿಳಿಯುವುದು ಸರತಿಯಲ್ಲಿ ನಿಂತು ಮೇಜಿನ ಮುಂದೆ ಬಂದಾಗ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಗೆ ಹೆಸರು ಸೇರಿಸಲು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 23ನೇ ಸೆಕ್ಷನ್ ಅವಕಾಶ ಕೊಡುವುದಿಲ್ಲ. ಹಾಗಾಗಿ ಹೆಸರು ತೆಗೆಯುವ ನಮೂನೆ 7ಕ್ಕೆ, ಹೊಸದಾಗಿ ಹೆಸರು ಸೇರಿಸುವ ನಮೂನೆ 6ಕ್ಕಿಂತ ಬಿಗಿಯಾದ ಕಾವಲು ಬೇಕು. ಸದ್ಯ ಹಾಗಿಲ್ಲ.

ನಿಯಮದಲ್ಲಿ ಕಾವಲು ಇಲ್ಲವೆಂದಲ್ಲ. ನಮೂನೆ 7 ಸಲ್ಲಿಸುವವರು ಅದೇ ಕ್ಷೇತ್ರದ ಪಟ್ಟಿಯಲ್ಲಿರುವ ಮತದಾರರಾಗಿರಬೇಕು. ತಮ್ಮ ಹೆಸರು, ಮತದಾರರ ಗುರುತಿನ ಚೀಟಿಯ (ಎಪಿಕ್) ಸಂಖ್ಯೆ, ಮೊಬೈಲ್ ಸಂಖ್ಯೆ ಬರೆಯಬೇಕು. ಸಾವು, ವಯಸ್ಸು ತುಂಬದಿರುವುದು, ಶಾಶ್ವತವಾಗಿ ಸ್ಥಳಾಂತರ, ಬೇರೆಡೆ ಈಗಾಗಲೇ ನೋಂದಣಿ, ಪೌರತ್ವ ಇಲ್ಲದಿರುವುದು, ಇವುಗಳಲ್ಲಿ ಒಂದು ಕಾರಣ ಕೊಡಬೇಕು. ಬಂದ ಆಕ್ಷೇಪಣೆಗಳನ್ನು ನೋಂದಣಿ ಅಧಿಕಾರಿ ನಮೂನೆ 10ರ ಪಟ್ಟಿಯಲ್ಲಿ ಹಾಕಿ ಕಚೇರಿಯ ಫಲಕದಲ್ಲಿ ಪ್ರಕಟಿಸಬೇಕು. ಯಾರ ಹೆಸರಿಗೆ ಆಕ್ಷೇಪಣೆ ಬಂದಿದೆಯೋ ಅವರಿಗೆ ನಮೂನೆ 14ರಲ್ಲಿ ನೋಟಿಸ್ ಹೋಗಬೇಕು, ಆಕ್ಷೇಪಣೆ ಮಾಡಿದವರಿಗೆ ನಮೂನೆ 13ರಲ್ಲಿ. ಬಿಎಲ್‌ಒ ಮನೆಗೆ ಹೋಗಿ ನೋಡಬೇಕು. ಒಬ್ಬರೇ ಐದಕ್ಕಿಂತ ಹೆಚ್ಚು ಆಕ್ಷೇಪಣೆ ಸಲ್ಲಿಸಿದ್ದರೆ ಮೇಲಿನ ಅಧಿಕಾರಿಯೇ ಮರುಪರಿಶೀಲಿಸಬೇಕು. ಈಗಾಗಲೇ ಪಟ್ಟಿಯಲ್ಲಿರುವವರನ್ನು ಹೊರಹಾಕುವ ಮುನ್ನ ಅವರ ಮಾತು ಕೇಳಲೇಬೇಕು, ಹಿಂದೆ ಹೆಸರು ಸೇರಿಸಿದ್ದಕ್ಕೆ ಬೆಲೆ ಕೊಡಬೇಕು ಎಂದು ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಎಲ್ಲಿ ಕೆಡುತ್ತದೆ? ಮೊದಲನೆಯದು ನೋಟಿಸ್. "ಸ್ಥಳಾಂತರ" ಎಂಬ ಕಾರಣ ಕೊಟ್ಟ ಅರ್ಜಿಯಲ್ಲಿ ನೋಟಿಸ್ ಹೋಗುವುದು ಹಳೆಯ ವಿಳಾಸಕ್ಕೇ. ಹಗಲಿನಲ್ಲಿ ಮನೆ ಬೀಗ ಹಾಕಿದ್ದರೆ, ಗಾರ್ಮೆಂಟ್ಸ್ ಕೆಲಸಕ್ಕೋ ಕಟ್ಟಡ ಕೆಲಸಕ್ಕೋ ಹೋದವರ ಮನೆಯಾಗಿದ್ದರೆ, ಪಕ್ಕದವರು "ಗೊತ್ತಿಲ್ಲ" ಎಂದರೆ ಸಾಕು, ಆ ಬಾಗಿಲೇ ಅರ್ಜಿಗೆ ಸಾಕ್ಷಿಯಾಗಿಬಿಡುತ್ತದೆ. ಎರಡನೆಯದು ಕೆಲಸದ ಹೊರೆ. ಬಿಎಲ್‌ಒಗಳಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ಸಾವಿರದಷ್ಟು ಮತದಾರರಿರುವ ಪಟ್ಟಿಯ ಒಂದು ಭಾಗಕ್ಕೆ, ಅಂದರೆ ಒಂದು ಮತಗಟ್ಟೆಯ ವ್ಯಾಪ್ತಿಗೆ, ಒಬ್ಬರು. ಒಂದೇ ವಾರದಲ್ಲಿ ನೂರಾರು ಅರ್ಜಿಗಳು ಆ್ಯಪ್‌ನಲ್ಲಿ ಬಂದು ಕೂತರೆ ಅಷ್ಟೂ ಮನೆ ಹತ್ತಿಳಿಯುವುದು ಆಗದ ಮಾತು. ಮೂರನೆಯದು, ನಮೂನೆ 10ರ ಪಟ್ಟಿ ಕಚೇರಿಯ ಗೋಡೆಯಲ್ಲಿದ್ದರೂ, ಜಾಲತಾಣದಲ್ಲಿದ್ದರೂ, ಹುಡುಕಲು ಬರುವ ರೂಪದಲ್ಲಿ ಇಲ್ಲ. ಒಬ್ಬರೇ ಅರ್ಜಿದಾರರ ಹೆಸರು ಹನ್ನೆರಡು ಭಾಗಗಳಲ್ಲಿ ಬಂದಿದ್ದರೆ ಅದನ್ನು ಹೊರಗಿನವರು ಕಂಡುಹಿಡಿಯುವುದು ಹೇಗೆ? ತಂತ್ರಾಂಶಕ್ಕೆ ಇದು ಒಂದು ಕ್ಷಣದ ಕೆಲಸ.

ಆನ್‌ಲೈನ್ ಅರ್ಜಿಗೆ ಈಗ ಇ-ಸೈನ್ ಬಂದಿದೆ. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಇಲ್ಲದೆ 2025ರ ಸೆಪ್ಟೆಂಬರ್‌ನಿಂದ ಅರ್ಜಿ ಮುಂದೆ ಹೋಗುವುದಿಲ್ಲ. ಒಳ್ಳೆಯ ಹೆಜ್ಜೆ, ಆಳಂದಕ್ಕೆ ಎರಡು ವರ್ಷ ತಡವಾದರೂ. ಆದರೆ ಇ-ಸೈನ್ ಹೇಳುವುದು ಅರ್ಜಿ ಯಾರದು ಎಂದು ಮಾತ್ರ, ಅದರೊಳಗಿನ ಮಾತು ನಿಜವೇ ಎಂದಲ್ಲ. ಕಾಗದದ ನಮೂನೆ 7ಕ್ಕೆ ಅದು ಅನ್ವಯಿಸುವುದೂ ಇಲ್ಲ. ಆನ್‌ಲೈನ್ ಬಾಗಿಲು ಮುಚ್ಚಿದರೆ ಕಟ್ಟುಗಟ್ಟಲೆ ಕಾಗದ ಬರುತ್ತದೆ, ಮುದ್ರಿಸಿದ ಹೆಸರು, ಎಪಿಕ್ ಸಂಖ್ಯೆ, ಕೆಳಗೆ ಒಂದೇ ಕೈಯ ಸಹಿಗಳು. ಆ ಕಟ್ಟುಗಳನ್ನು ಸ್ವೀಕರಿಸುವ ಮೇಜಿನಲ್ಲೇ ತಡೆ ಇರಬೇಕು: ತಂದುಕೊಟ್ಟವರ ಗುರುತಿನ ಚೀಟಿಯ ನಕಲು, ಎಷ್ಟು ಅರ್ಜಿ ಎಂಬ ಲೆಕ್ಕ, ಸಹಿ ಮಾಡಿದ ರಸೀದಿ. ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ.

ಆಳಂದದ ತನಿಖೆ ಇಷ್ಟು ವರ್ಷ ಎಳೆದದ್ದರ ಹಿಂದೆ ಒಂದು ತಾಂತ್ರಿಕ ಸಂಗತಿಯಿದೆ, ಅದನ್ನು ಜನ ತಿಳಿಯಬೇಕು. ಮೊಬೈಲ್ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು (ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಒಂದೇ ಹೊತ್ತಿನಲ್ಲಿ ಸಾವಿರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ಐಪಿ ವಿಳಾಸವೊಂದನ್ನೇ ಪೊಲೀಸರ ಕೈಗಿಟ್ಟರೆ ಅವರು ಯಾರನ್ನೂ ಗುರುತಿಸಲಾರರು. ಅದರ ಜೊತೆಗೆ, ಆ ವಿಳಾಸ ಹಂಚಿಕೊಂಡವರನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆ, ತಲುಪಿದ ಸರ್ವರ್‌ನ ಐಪಿ ಮತ್ತು ಪೋರ್ಟ್, ಸೆಕೆಂಡಿನ ಲೆಕ್ಕದ ಸಮಯ ಬೇಕು. ದೂರಸಂಪರ್ಕ ಕಂಪನಿಗಳು ಇಂಥ ದಾಖಲೆಗಳನ್ನು ಉಳಿಸಿಕೊಳ್ಳಬೇಕಾದ ಅವಧಿಗೆ ಮಿತಿಯಿದೆ. ಸಿಐಡಿ ಆಳಂದದ ವಿಷಯದಲ್ಲಿ ಕೇಳುತ್ತಾ ಬಂದದ್ದು ಇದೇ ವಿವರಗಳನ್ನು. 2023ರ ಸೆಪ್ಟೆಂಬರ್‌ನಲ್ಲೇ ತನ್ನಲ್ಲಿದ್ದ ಮಾಹಿತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕೊಟ್ಟಿರುವುದಾಗಿ ಆಯೋಗ ಹೇಳಿದೆ. ಕೊಟ್ಟದ್ದರಲ್ಲಿ ಈ ಎಲ್ಲ ಕಾಲಂಗಳೂ ಇದ್ದವೇ ಎಂಬುದು ಸಾರ್ವಜನಿಕವಾಗಿ ಸ್ಪಷ್ಟವಾಗಬೇಕು. ಮುಂದಿನ ಬಾರಿ ದೂರು ದಾಖಲಾದ ದಿನವೇ ಈ ದಾಖಲೆಗಳನ್ನು ಮುದ್ರೆ ಹಾಕಿ ತೆಗೆದಿಡುವ ಆದೇಶ ಬೇಕು. ಕೇಳಿದಾಗ ಹುಡುಕಿ ಕೊಡುವ ಪದ್ಧತಿಯಲ್ಲಿ ಸಾಕ್ಷ್ಯ ಅಳಿಸಿಹೋಗುತ್ತದೆ.

ಇನ್ನು ಸೇರ್ಪಡೆಯ ಕಡೆಗೆ. 2025ರ ಆಗಸ್ಟ್‌ನಲ್ಲಿ ಮಹದೇವಪುರ ಕ್ಷೇತ್ರದ ಬಗ್ಗೆ ರಾಹುಲ್ ಗಾಂಧಿ ಮಾಡಿದ ಆರೋಪದಲ್ಲಿ 1,00,250 ಮತಗಳ ಮಾತಿತ್ತು: ಎರಡೆರಡು ಕಡೆ ಇರುವ ಹೆಸರು, ಸರಿಯಿಲ್ಲದ ವಿಳಾಸ, ಒಂದೇ ವಿಳಾಸದಲ್ಲಿ ಹತ್ತಾರು ಮತದಾರರು, ಗುರುತು ಸಿಗದ ಫೋಟೊ, ನಮೂನೆ 6ರ ದುರ್ಬಳಕೆ. ಸಹಿ ಮಾಡಿದ ಘೋಷಣೆಯೊಂದಿಗೆ ದೂರು ಕೊಡಿ ಎಂದು ಆಯೋಗ ಹೇಳಿತು, ಅಲ್ಲಿಗೆ ಚರ್ಚೆ ಘೋಷಣೆಯ ಸುತ್ತಲೇ ತಿರುಗಿತು. ಪಟ್ಟಿಯ ಕೆಲಸ ಬಲ್ಲವರಿಗೆ ಈ ಐದೂ ಬಗೆ ಒಂದೇ ಕಾರಣದಿಂದ ಆಗುವುದಿಲ್ಲ ಎಂದು ಗೊತ್ತು. "ಮನೆ ಸಂಖ್ಯೆ 0" ಎಂದು ಇದ್ದ ಮಾತ್ರಕ್ಕೆ ಅದು ನಕಲಿ ಮತದಾರ ಅಲ್ಲ. ಸ್ಥಳೀಯ ಸಂಸ್ಥೆ ಸಂಖ್ಯೆ ಕೊಡದ ಮನೆಗಳಿವೆ, ಶೆಡ್‌ಗಳಿವೆ. ಅಂಥ ಮನೆಗೆ ಬಿಎಲ್‌ಒ ಒಂದು ಅಂದಾಜು ಸಂಖ್ಯೆ ಮತ್ತು ಗುರುತು ಬರೆಯಬೇಕು, "ನೀರಿನ ಟ್ಯಾಂಕ್ ಪಕ್ಕ, ಎರಡನೇ ಅಡ್ಡರಸ್ತೆ" ಎಂಬಷ್ಟಾದರೂ. ಸೊನ್ನೆ ಹಾಕಿಬಿಟ್ಟರೆ ಮುಂದೆ ಯಾರೂ ಆ ಮತದಾರರನ್ನು ಹುಡುಕಿ ಖಚಿತಪಡಿಸಲಾರರು. ಪಿಜಿಗಳಲ್ಲಿ, ಕಾರ್ಮಿಕರ ವಸತಿಗಳಲ್ಲಿ ಒಂದೇ ವಿಳಾಸಕ್ಕೆ ಮೂವತ್ತು ಹೆಸರಿರುವುದೂ ಸಾಧ್ಯ. ಆದರೆ ಆ ಮೂವತ್ತರಲ್ಲಿ ಈಗ ಅಲ್ಲಿರುವವರು ಎಷ್ಟು ಎಂದು ವರ್ಷಕ್ಕೊಮ್ಮೆ ನೋಡದಿದ್ದರೆ, ಬಿಟ್ಟುಹೋದವರ ಹೆಸರುಗಳೆಲ್ಲ ದುರುದ್ದೇಶ ಇರುವವರಿಗೆ ಸಿದ್ಧ ಸರಕು.

ಎರಡೆರಡು ಹೆಸರುಗಳ ದೊಡ್ಡ ಮೂಲ ಬೇರೆಯೇ ಇದೆ, ಅದರಲ್ಲಿ ನೋಂದಣಿ ಅಭಿಯಾನ ನಡೆಸುವ ಪಕ್ಷಗಳಿಗೂ ಸಂಸ್ಥೆಗಳಿಗೂ ನೇರ ಪಾಲಿದೆ. ಮನೆ ಬದಲಿಸಿದವರು ತುಂಬಬೇಕಾದದ್ದು ನಮೂನೆ 8. ಅದರಲ್ಲಿ ಹಳೆಯ ಎಪಿಕ್ ಸಂಖ್ಯೆ ಬರೆದರೆ ಹಳೆಯ ಕ್ಷೇತ್ರದ ಹೆಸರು ತಾನಾಗಿ ತೆಗೆದುಹೋಗುವ ಪ್ರಕ್ರಿಯೆ ಶುರುವಾಗುತ್ತದೆ. ಅಭಿಯಾನದ ಮೇಜಿನಲ್ಲಿ ಕೂತವರು ಬಹಳ ಕಡೆ ಎಲ್ಲರಿಗೂ ನಮೂನೆ 6 ಕೊಡುತ್ತಾರೆ. ಹಳೆಯ ಚೀಟಿ ಊರಲ್ಲಿದೆ, ಸಂಖ್ಯೆ ನೆನಪಿಲ್ಲ ಎಂದರೆ "ಪರವಾಗಿಲ್ಲ, ಹೊಸದೇ ಮಾಡಿಸಿ" ಎನ್ನುತ್ತಾರೆ. ಸಂಜೆ ಲೆಕ್ಕ ಒಪ್ಪಿಸುವಾಗ "ಹೊಸ ನೋಂದಣಿ" ಎಂದು ಹೇಳಿಕೊಳ್ಳಲು ನಮೂನೆ 6 ಬೇಕು. ಹೀಗೆ ಬೆಳಗಾವಿಯಲ್ಲೊಂದು, ಬೆಂಗಳೂರಿನಲ್ಲೊಂದು ಹೆಸರು. ನಮೂನೆ 6ರ ಕೆಳಗೆ "ಬೇರೆ ಯಾವ ಕ್ಷೇತ್ರದ ಪಟ್ಟಿಯಲ್ಲೂ ನನ್ನ ಹೆಸರಿಲ್ಲ" ಎಂಬ ಘೋಷಣೆಯಿದೆ. ಅದನ್ನು ಓದಿ ಹೇಳದೆ ಸಹಿ ಹಾಕಿಸಿದವರು ಆ ಮತದಾರರನ್ನು ಅದೇ 1950ರ ಕಾಯ್ದೆಯ 31ನೇ ಸೆಕ್ಷನ್‌ನ ಬಾಯಿಗೆ ನೂಕಿದಂತೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ತಲೆಗಿಷ್ಟು ಎಂದು ಹಣ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ಪಾಠವೂ ಇದೆ. ಅಮೆರಿಕದ ಏಕಾರ್ನ್ ಎಂಬ ಸಂಘಟನೆ ಬಡವರ, ಕಪ್ಪು ಜನರ ನೋಂದಣಿಗೆ ದುಡಿಯುತ್ತಿತ್ತು. 2008ರಲ್ಲಿ ನೆವಾಡಾ ರಾಜ್ಯದಲ್ಲಿ ಅದರ ಕೆಲಸಗಾರರಿಗೆ ಒಂದು ಪಾಳಿಯಲ್ಲಿ 21 ಅರ್ಜಿ ತುಂಬಿಸಿದರೆ 5 ಡಾಲರ್ ಹೆಚ್ಚುವರಿ ಸಿಗುತ್ತಿತ್ತು. ಡಲ್ಲಾಸ್ ಕೌಬಾಯ್ಸ್ ಫುಟ್‌ಬಾಲ್ ತಂಡದ ಆಟಗಾರರ ಹೆಸರಿನ ಅರ್ಜಿಗಳು ಲಾಸ್ ವೇಗಸ್‌ನ ಕಚೇರಿಗೆ ಬಂದವು. ಅರ್ಜಿಯ ಸಂಖ್ಯೆಗೆ ತಕ್ಕಂತೆ ಸಂಭಾವನೆ ಕೊಡುವುದೇ ಆ ರಾಜ್ಯದಲ್ಲಿ ಅಪರಾಧ. ಸಂಘಟನೆ 2011ರಲ್ಲಿ ತಪ್ಪೊಪ್ಪಿಕೊಂಡು 5,000 ಡಾಲರ್ ದಂಡ ತೆತ್ತಿತು. ಆ ಆಟಗಾರರ ಹೆಸರಿನಲ್ಲಿ ಮತ ಚಲಾಯಿಸುವುದು ಅಲ್ಲಿ ಯಾರ ಯೋಜನೆಯೂ ಆಗಿರಲಿಲ್ಲ, ಹೆಚ್ಚುವರಿ ಹಣಕ್ಕಾಗಿ ಕೆಲಸಗಾರರು ಹೆಸರು ಹುಟ್ಟಿಸಿದರು. ಆದರೆ ಅದನ್ನೇ ಹಿಡಿದುಕೊಂಡು ನಿಜವಾದ ನೋಂದಣಿ ಅಭಿಯಾನಗಳನ್ನೆಲ್ಲ ಅನುಮಾನದಿಂದ ನೋಡುವ ರಾಜಕೀಯ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ಹಾಗಾಗಬಾರದು. ಅಲೆಮಾರಿ ಸಮುದಾಯಗಳು, ಲಿಂಗತ್ವ ಅಲ್ಪಸಂಖ್ಯಾತರು, ಹಾಡಿಗಳಲ್ಲಿ ಇರುವ ಆದಿವಾಸಿಗಳು, ಮನೆಗೆಲಸದ ಹೆಂಗಸರು ಇವರನ್ನೆಲ್ಲ ಪಟ್ಟಿಗೆ ತಂದಿರುವುದು ಎಷ್ಟೋ ಕಡೆ ಸಂಘ ಸಂಸ್ಥೆಗಳೇ. ಬಾಗಿಲು ಮುಚ್ಚುವುದು ಪರಿಹಾರವಲ್ಲ. ಬಾಗಿಲಲ್ಲಿ ನಿಂತವರು ಯಾರು ಎಂಬುದು ಕಾಣಬೇಕು, ಅಷ್ಟೇ.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ಯಾವುದೇ ಸಂಸ್ಥೆಗೆ ಸ್ವೀಪ್ ಅಥವಾ ನೋಂದಣಿ ಕೆಲಸಕ್ಕೆ ಅನುಮತಿ ಕೊಟ್ಟರೆ ಆ ಪತ್ರ, ಹಣದ ಮೂಲ, ಕ್ಷೇತ್ರಕ್ಕಿಳಿಯುವವರ ಹೆಸರಿನ ಪಟ್ಟಿ, ಅನುಮತಿ ಮುಗಿಯುವ ದಿನಾಂಕ ಎಲ್ಲವೂ ತಮ್ಮ ಜಾಲತಾಣದಲ್ಲಿರಲಿ. ಅರ್ಜಿಯ ಲೆಕ್ಕದಲ್ಲಿ ಸಂಭಾವನೆ ಕೊಡುವುದಿಲ್ಲ, ನಮೂನೆಯಲ್ಲಿ ಕೇಳಿರುವುದಕ್ಕಿಂತ ಹೆಚ್ಚಿನ ಮಾಹಿತಿ ಪಡೆಯುವುದಿಲ್ಲ, ಆಧಾರ್ ಅಥವಾ ಚೀಟಿಯ ಫೋಟೊ ತಮ್ಮ ಫೋನಿನಲ್ಲಿ ಉಳಿಸಿಕೊಳ್ಳುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಳ್ಳಿ. ಬಿಎಲ್‌ಒ ಚೀಟಿ ಬಿಎಲ್‌ಒ ಕೊರಳಲ್ಲಿ ಮಾತ್ರ ಇರಬೇಕು. ಮನೆಯವರು ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ಫೋಟೊ, ಭಾಗ ಸಂಖ್ಯೆ ಬರುವಂತಿರಲಿ.

ನಮೂನೆ 7 ಬಂದ ದಿನವೇ ಇಬ್ಬರಿಗೂ ಸಂದೇಶ ಹೋಗಲಿ, ಹೆಸರು ಕಳೆದುಕೊಳ್ಳಲಿರುವವರಿಗೂ ಅರ್ಜಿ ಕೊಟ್ಟರೆಂದು ದಾಖಲಾದವರಿಗೂ, ಕನ್ನಡದಲ್ಲಿ. ಸಾವಿನ ಕಾರಣ ಬಿಟ್ಟು ಉಳಿದ ಯಾವ ಕಾರಣಕ್ಕೂ, ನಮೂನೆ 14 ಕೈಗೆ ತಲುಪಿದ ಸಹಿ ಅಥವಾ ಎರಡು ಬೇರೆ ಬೇರೆ ಹೊತ್ತಿನಲ್ಲಿ, ಒಂದು ಸಂಜೆಯಾದರೂ ಇರುವಂತೆ, ಮನೆಗೆ ಹೋಗಿ ಬರೆದ ಮಹಜರು ಇಲ್ಲದೆ ಹೆಸರು ತೆಗೆಯಬಾರದು. ಸಾವಿನ ಅರ್ಜಿಗೆ ಜನನ ಮರಣ ನೋಂದಣಿಯ ದಾಖಲೆಯೇ ಆಧಾರವಾಗಲಿ. ಆ ಮಾಹಿತಿಯನ್ನು ನೋಂದಣಿ ಅಧಿಕಾರಿಗಳಿಗೆ ನೇರವಾಗಿ ಒದಗಿಸುವ ಏರ್ಪಾಡನ್ನು ಆಯೋಗ 2025ರಲ್ಲಿ ಪ್ರಕಟಿಸಿದೆ. ನಮೂನೆ 9, 10, 11ರ ಪಟ್ಟಿಗಳು (ಸೇರ್ಪಡೆ, ತೆಗೆತ, ತಿದ್ದುಪಡಿಗೆ ಬಂದ ಅರ್ಜಿಗಳವು) ವಾರಕ್ಕೊಮ್ಮೆ ಭಾಗವಾರು, ಹುಡುಕಲು ಬರುವ ಕಡತವಾಗಿ ಹೊರಬರಲಿ. ಪೂರ್ಣ ಮತದಾರರ ಪಟ್ಟಿಯನ್ನು ಪಠ್ಯರೂಪದಲ್ಲಿ ಕೊಡಿಸಬೇಕೆಂಬ ಬೇಡಿಕೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಸರಿ. ತೆಗೆಯಲು ಉದ್ದೇಶಿಸಿದ ಹೆಸರುಗಳ ಪಟ್ಟಿಯನ್ನು ಹಾಗೆ ಕೊಡಲು ಅಡ್ಡಿ ಏನು?

ಪಕ್ಷಗಳು ನೇಮಿಸುವ ಬೂತ್ ಮಟ್ಟದ ಏಜೆಂಟರ (ಬಿಎಲ್‌ಎ) ವಿಷಯದಲ್ಲಿ ನಿಯಮ ಇದ್ದೇ ಇದೆ. ಸಾಮಾನ್ಯ ಪರಿಷ್ಕರಣೆಯಲ್ಲಿ ದಿನಕ್ಕೆ 10 ಅರ್ಜಿ, ಒಟ್ಟು 30 ಮೀರಿದರೆ ಅಧಿಕಾರಿಯೇ ಪರಿಶೀಲಿಸಬೇಕು, ಜೊತೆಗೆ ತಾವೇ ನೋಡಿ ಖಚಿತಪಡಿಸಿಕೊಂಡಿದ್ದೇನೆ ಎಂಬ ಘೋಷಣೆ ಬೇಕು. ಆ ಘೋಷಣೆಗಳನ್ನು ಕಡತಕ್ಕೆ ಹಾಕಿ ಮರೆಯದೆ, ಸುಳ್ಳಾದಾಗ 31ನೇ ಸೆಕ್ಷನ್ ಅಡಿ ದೂರು ದಾಖಲಿಸಿ, ಯಾವ ಪಕ್ಷದವರಾದರೂ ಸರಿ.

ತಮ್ಮ ಕೈಯಲ್ಲಿ ಇನ್ನೊಂದು ಕೀಲಿಯಿದೆ. ಪಟ್ಟಿಯ ಕೆಲಸದಲ್ಲಿ ಕರ್ತವ್ಯಲೋಪ ಎಸಗಿದ ಅಧಿಕಾರಿಗೆ 32ನೇ ಸೆಕ್ಷನ್ ಅಡಿ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಜೈಲು ಮತ್ತು ದಂಡ ಇದೆ. ಆದರೆ ಆಯೋಗದ ಅಥವಾ ಮುಖ್ಯ ಚುನಾವಣಾಧಿಕಾರಿಯ ಆದೇಶದಂತೆ ದೂರು ಬಂದರೆ ಮಾತ್ರ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳಬಹುದು. ಮತದಾರರು ಎಷ್ಟು ದಾಖಲೆ ಒದಗಿಸಿದರೂ ಆಯೋಗ ಅಥವಾ ತಾವು ಸಹಿ ಮಾಡದೆ ಪ್ರಕರಣ ಹುಟ್ಟುವುದಿಲ್ಲ. ಅಮಾನತು ಕೆಲವು ತಿಂಗಳ ಮಾತು. ಈ ಸೆಕ್ಷನ್ ಅಡಿ ರಾಜ್ಯದಲ್ಲಿ ಇದುವರೆಗೆ ಎಷ್ಟು ದೂರುಗಳಿಗೆ ಅನುಮತಿ ಕೊಡಲಾಗಿದೆ ಎಂದು ಪ್ರಕಟಿಸಿ.

ಓದುತ್ತಿರುವ ಮತದಾರರಿಗೂ ಎರಡು ಮಾತು. ಚುನಾವಣೆ ಘೋಷಣೆಯಾಗುವ ತನಕ ಕಾಯಬೇಡಿ. ವರ್ಷಕ್ಕೆ ಎರಡು ಸಲವಾದರೂ ಎಪಿಕ್ ಸಂಖ್ಯೆ ಹಾಕಿ ಆಯೋಗದ ಜಾಲತಾಣದಲ್ಲಿ ಹೆಸರು ನೋಡಿ, ಇಲ್ಲವೇ 1950ಕ್ಕೆ ಕರೆ ಮಾಡಿ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಮನೆಗೆ ಬಂದವರು ಜಾತಿ, ಸಂಬಳ, ಯಾವ ಪಕ್ಷ ಎಂದು ಕೇಳಿದರೆ ಅವರು ಬಿಎಲ್‌ಒ ಅಲ್ಲ, ಆ ಪ್ರಶ್ನೆ ಯಾವ ನಮೂನೆಯಲ್ಲೂ ಇಲ್ಲ. ಹೆಸರು ತೆಗೆದದ್ದು ಗೊತ್ತಾದರೆ ತೆಗೆದ ಆದೇಶದ ನಕಲು ಲಿಖಿತವಾಗಿ ಕೇಳಿ. ಆದೇಶ ಬಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಎರಡನೆಯದು. ಬರೀ ಹೊಸ ನಮೂನೆ 6 ಹಾಕಿ ಸುಮ್ಮನಾದರೆ ಹೆಸರು ವಾಪಸು ಬರಬಹುದು, ತೆಗೆಸಿದವರು ಯಾರು ಎಂಬ ದಾಖಲೆ ಮಾತ್ರ ಅಲ್ಲೇ ಉಳಿದುಹೋಗುತ್ತದೆ.

ಮಾನ್ಯರೇ, ಮುಂದಿನ ಕರಡು ಪಟ್ಟಿ ಪ್ರಕಟವಾಗುವ ಮೊದಲು ನಮೂನೆ 7ರ ನೋಟಿಸ್, ಸಂಸ್ಥೆಗಳ ಅನುಮತಿ ಮತ್ತು 32ನೇ ಸೆಕ್ಷನ್‌ನ ದೂರುಗಳು, ಈ ಮೂರರ ಬಗ್ಗೆ ತಮ್ಮ ಕಚೇರಿಯಿಂದ ಲಿಖಿತ ಉತ್ತರ ಬರಬೇಕೆಂದು ಕೋರುತ್ತೇವೆ. ಉತ್ತರವನ್ನು ನಮಗೆ ಕಳಿಸುವ ಅಗತ್ಯವಿಲ್ಲ, ಪ್ರತಿ ತಾಲ್ಲೂಕು ಕಚೇರಿಯ ಫಲಕದಲ್ಲಿ ಹಾಕಿಸಿ.

ಇಂತಿ,
ಮತದಾರರ ಪಟ್ಟಿ ಪರಿಷ್ಕರಣೆಯ ಕೆಲಸ ಬಲ್ಲ ನಾಗರಿಕರು,
ಬೆಂಗಳೂರು ಮತ್ತು ಕಲಬುರಗಿ